ಬಾಟಲಿ ಮೇಲೆ ನನ್ನ ಹೆಸರು

ಅಯ್ಯೋ, ನಗಬೇಡಿ ಡಾಕ್ಟರಮ್ಮ! ನೀವು ನಕ್ಕರೆ ನನಗೂ ನಗು ತಡೆಯಲ್ಲ, ಬಾಟಲಿ ಕೈ ಜಾರುತ್ತೆ... ಹಿಡ್ಕೊಳ್ಳಿ, ಮೊದಲು ಇದನ್ನ ಹಿಡ್ಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣದ್ದು, ನೀವು ಹೇಳಿದ ಹಾಗೇ. ಹೆಸರಾ? ಮೇಲೇ ಬರೆದಿದೆಯಲ್ಲ, ಓದಿ: ನಿಕಾನೋರ್ ಪಿಚಾರ್ದೊ, ಕಬ್ಬು ಕಡಿಯುವವನು, ಮೂರನೇ ಗ್ಯಾಂಗು. ಅಕ್ಷರ ಮುದ್ದಾಗಿದೆ ಅಲ್ವಾ? ನನ್ನ ಹೆಂಡತಿ ಎರ್ಲಿಂದಾ ಬರೆದಿದ್ದು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ!

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಆ ಸ್ವೀಡನ್ ಡಾಕ್ಟರು! ಹೋದ ವರ್ಷದ ಕಟಾವಲ್ಲಿ, ನೀವಾಗ ಇನ್ನೂ ಕೋಸ್ಟರಿಕಾದಿಂದ ಬಂದಿರಲಿಲ್ಲ. ತಾಳೆಮರದಷ್ಟು ಉದ್ದ ಮನುಷ್ಯ. ‘ನಿಮ್ಮ ಕಷ್ಟ ನಾನೇ ಅನುಭವಿಸಿ ನೋಡ್ತೀನಿ’ ಅಂತ ಮಚ್ಚು ತಗೊಂಡ್ರು. ನಮ್ಮ ಈ ಚಿನಾಂದೇಗದ ಬಿಸಿಲು ಅಂದ್ರೆ ಅವರ ಊರಿನ ಬಿಸಿಲಾ? ಮೂರು ಸಾಲು... ಇಲ್ಲ, ಸುಳ್ಳು ಹೇಳಬಾರದು, ಎರಡೂವರೆ ಸಾಲು ಕಡಿದರು. ಧೊಪ್ಪಂತ ಬಿದ್ದರು! ನಾವು ನಾಲ್ಕು ಜನ ಎತ್ಕೊಂಡು ಓಡಿದ್ವಿ. ನಾಲ್ಕು ದೇಶ ಸೇರಿ ನಮಗೋಸ್ಕರ ನಿಲ್ಲಿಸಿದ ನೆರಳಿನ ಟೆಂಟು, ಅದರಲ್ಲಿ ಮೊಟ್ಟಮೊದಲು ಮಲಗಿದ್ದು ಆ ಡಾಕ್ಟರೇ! ಹ್ಹಹ್ಹ!

ಆಮೇಲೇ ನೋಡಿ ನಮ್ಮೋರು ನೆರಳಿಗೆ ಬಂದಿದ್ದು. ಅದಕ್ಕೆ ಮುಂಚೆ ಯಾವನಾದ್ರೂ ಕೆಲಸದ ಮಧ್ಯೆ ಕೂತ ಅಂದ್ರೆ ಮುಗೀತು, ಮಾರನೇ ದಿನ ಅವನ ಮಚ್ಚಿಗೆ ಲಂಗ ಕಟ್ಟಿಡ್ತಿದ್ವಿ. ಗಂಡಸಾದವನು ಕೂರ್ತಾನಾ? ನನ್ನ ಗೆಳೆಯ ಸಾಂತೋಸನಿಗೆ ನಾನೇ ಕಟ್ಟಿದ್ದೆ, ಕೆಂಪು ಲಂಗ... ಪಾಪ, ಅವನ ಕಿಡ್ನಿ ಆಗಲೇ ಹೋಗಿತ್ತು. ನಮಗೇನು ಗೊತ್ತು? ಈಗ ವಾರಕ್ಕೆ ಮೂರು ಸಲ ಆಸ್ಪತ್ರೆ, ಮಿಷನ್ನು, ಪೈಪು. ಅವನ ಉಚ್ಚೆಗೆ ಅದ್ದಿದ ಕಾಗದದ ಪಟ್ಟಿ ಎಷ್ಟು ಹಸಿರಾಗಿತ್ತು ಗೊತ್ತಾ? ಹಸಿ ಬಾಳೆಕಾಯಿ!

ಬಿಡಿ, ಆ ಮಾತು ಬೇಡ ಇವತ್ತು. ಇವತ್ತು ಸಂತೋಷದ ದಿನ. ಸೋಮವಾರ ಕಟಾವು ಶುರು! ನಾಲ್ಕೂ ದೇಶದೋರು ಟೆಂಟು ನೋಡೋಕೆ ಬರ್ತಾರಂತೆ. ಅವರ ಮುಂದೆ ಎಲ್ಲರನ್ನೂ ನೆರಳಿಗೆ ಕರೆಯೋ ಮೊದಲ ಸೀಟಿ ಊದೋನು ಯಾರು? ನಾನು! ಪುರ್ರ್ ಅಂತ ಊದಿದ್ರೆ ನೂರಿಪ್ಪತ್ತು ಮಚ್ಚು ನೆಲಕ್ಕೆ. ಸಕ್ಕರೆ ಮಿಲ್ಲಿನ ಮ್ಯಾನೇಜರು ಬಾಯಿ ಬಡ್ಕೊಂಡ್ರೂ ಯಾರೂ ನಿಲ್ತಿರಲಿಲ್ಲ, ಈಗ ನನ್ನ ಸೀಟಿಗೆ ನಿಲ್ತಾರೆ! ನೋಡಿ, ಕೊರಳಲ್ಲೇ ಇದೆ. ಮಲಗೋವಾಗ್ಲೂ ತೆಗೆಯಲ್ಲ. ಎರ್ಲಿಂದಾ ಅಂತಾಳೆ, ‘ಮದುವೆ ಉಂಗುರ ಕಳೆದವನು ಸೀಟಿ ಮಾತ್ರ ಕಳೆಯಲ್ಲ’ ಅಂತ.

ಅದ್ದಿದ್ರಾ ಪಟ್ಟಿ? ನಾನು ನೋಡಲ್ಲಪ್ಪ. ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ಹಳದಿ ಅಂದ್ರೆ ಗದ್ದೆಗೆ, ಹಸಿರು ಅಂದ್ರೆ ಮನೆಗೆ, ಅಷ್ಟು ನನಗೂ ಗೊತ್ತು. ಆದ್ರೂ ಹಳದಿನೇ ಇರುತ್ತೆ ಬಿಡಿ, ನನಗೇನೂ ಭಯ ಇಲ್ಲ! ಚೂರೂ ಇಲ್ಲ!

ಎರ್ಲಿಂದಾನಾ? ಅವಳನ್ನ ಯಾಕೆ ಕೇಳ್ತೀರಿ? ಹಾಂ, ನಾನೇ ಹೆಸರೆತ್ತಿದೆ ಅಲ್ವಾ... ಅವಳೂ ಇದೇ ಮಿಲ್ಲಿಗೇ ದುಡಿಯೋದು. ಗದ್ದೆಯ ಆ ತುದೀಲಿ, ಬಿತ್ತನೆ ಹೆಂಗಸರ ಜೊತೆ, ಕಬ್ಬಿನ ತುಂಡು ಊರ್ತಾಳೆ. ಅಲ್ಲಿ ಟೆಂಟಾ? ಇಲ್ಲ, ಇಲ್ಲ, ಟೆಂಟು ಕಡಿಯೋರಿಗೆ ಮಾತ್ರ. ನಾಲ್ಕು ದೇಶದೋರು ರುಜು ಹಾಕಿದ ಕಾಗದದಲ್ಲಿ ‘ಕಡಿಯೋರು’ ಅಂತಲೇ ಇರೋದು, ನೀವೇ ಓದಿ ಹೇಳಿದ್ರಲ್ಲ. ನನ್ನ ಸೀಟಿ ಅಲ್ಲಿ ತನಕ ಕೇಳಿಸೋದೂ ಇಲ್ಲ.

ಅವಳಿಗೆ ನೆರಳೇ ಬೇಡ! ನೀರೂ ಬೇಡ! ಗಟ್ಟಿ ಗಿರಾಕಿ. ಬೆಳಿಗ್ಗೆ ಒಂದು ಲೋಟ ಮೆಕ್ಕೆಜೋಳದ ಪಿನೊಲ್ ಕುಡಿದು ಹೊರಟಳು ಅಂದ್ರೆ ಸಂಜೆ ತನಕ ತೊಟ್ಟು ನೀರು ಮುಟ್ಟಲ್ಲ. ಯಾಕೆ ಅಂದ್ರೆ... ನೀವೂ ಹೆಂಗಸರೇ, ಹೇಳೋದೇನು. ಬಟಾಬಯಲು, ಮೇಸ್ತ್ರಿ ಕಣ್ಣುಬಿಟ್ಕೊಂಡು ನಿಂತಿರ್ತಾನೆ, ನೀರು ಕುಡಿದ್ರೆ ಆಮೇಲೆ ಎಲ್ಲಿ ಹೋಗಿ ಕೂರೋದು? ಅದಕ್ಕೇ ಕುಡಿಯೋದೇ ಇಲ್ಲ. ‘ಒಂಟೆ ಕಣೇ ನೀನು’ ಅಂತೀನಿ. ‘ನೀನು ನೆರಳಲ್ಲಿ ಕೂರೋ ರಾಣಿ’ ಅಂತಾಳೆ ನನಗೆ! ಹ್ಹಹ್ಹ! ಮೊನ್ನೆ ಏನಾಯ್ತು ಗೊತ್ತಾ? ಚರ್ಚಿಗೆ ಹೊರಟಿದ್ವಿ. ಅವಳ ಒಳ್ಳೆ ಚಪ್ಪಲಿ ಕಾಲಿಗೆ ಹಿಡಿಸ್ತಾನೇ ಇಲ್ಲ. ‘ಚಪ್ಪಲಿ ಕುಗ್ಗಿದೆ’ ಅಂತಾಳೆ! ಚಪ್ಪಲಿ ಎಲ್ಲಾದ್ರೂ ಕುಗ್ಗುತ್ತಾ? ‘ನೀನೇ ಊದ್ಕೊಂಡಿದ್ದೀಯ, ಮುಖ ನೋಡ್ಕೋ, ನಕಟಮಾಲ್ ಕಡುಬು ತಿನ್ನೋದು ಕಮ್ಮಿ ಮಾಡು’ ಅಂದೆ. ಸೌಟು ಬಂತು ನೋಡಿ, ನೇರ ತಲೆಗೆ...

ಯಾಕೆ ಬರ್ಕೊಳ್ತಿದ್ದೀರಿ? ಚಪ್ಪಲಿ ವಿಷಯಾನೂ ಬರೀತಾರಾ?

ಇನ್ನೊಂದು ಪಟ್ಟಿ ಯಾಕೆ? ಮೊದಲನೇದು ಕೆಟ್ಟಿತ್ತಾ? ನಗ್ತಾ ಇದ್ರಲ್ಲ ಈಗ ತಾನೇ... ನಗಿ ಸ್ವಲ್ಪ. ಕೊಡಿ ಇಲ್ಲಿ, ನಾನೇ ನೋಡ್ತೀನಿ. ಓ, ಇದಾ! ಅಯ್ಯೋ ಡಾಕ್ಟರಮ್ಮ, ಹೆದರಿಸಿಬಿಟ್ರಲ್ಲ! ಈ ಟೆಂಟಿನ ಬಟ್ಟೆ ಹಸಿರು, ಅದರ ಬೆಳಕು ಬಿದ್ದು ಎಲ್ಲಾ ಹಸಿರು ಕಾಣುತ್ತೆ. ನಿಮ್ಮ ಮುಖಾನೂ ಹಸಿರೇ ಇದೆ! ಬನ್ನಿ, ಆಚೆ ಬಿಸಿಲಿಗೆ ಹಿಡಿಯೋಣ. ಬಿಸಿಲು ಸುಳ್ಳು ಹೇಳಲ್ಲ. ಹೀಗೆ... ಹೀಗೆ ಹಿಡಿದ್ರೆ...

...ಇಲ್ಲೂ ಹಸಿರೇ.

ಬಾಳೆಕಾಯಿ.

ನನಗ್ಯಾಕೆ ನೀರು ಕೊಡ್ತೀರಿ? ನಾನು ಕೂರಲ್ಲ. ಹೆಗಲ ಮೇಲಿಂದ ಕೈ ತೆಗೀರಿ ಡಾಕ್ಟರಮ್ಮ, ನನಗೇನಾಗಿದೆ? ಹಾಗೆ ನೋಡಬೇಡಿ ನನ್ನ. ಬೈದಾದ್ರೂ ಬೈಯಿರಿ...

ಗೊತ್ತಾಯ್ತು ಅಲ್ವಾ? ಆ ಚಪ್ಪಲಿ ವಿಷಯ ಬರ್ಕೊಂಡಾಗಲೇ ನಿಮಗೆ ಗೊತ್ತಾಯ್ತು.

ನನ್ನದಲ್ಲ ಅದು.

ಎರಡು ತಿಂಗಳಿಂದ ನನಗೆ ಉಚ್ಚೆಗೆ ಹೋದ್ರೆ ಉರಿ, ಸೊಂಟ ಸಿಡಿಯುತ್ತೆ. ಭಯ ಆಯ್ತು. ಸೋಮವಾರ ಸೀಟಿ ಊದಬೇಕಾದವನನ್ನ ಮನೆಗೆ ಕಳಿಸಿಬಿಟ್ರೆ? ಅವಳು ಗಟ್ಟಿಮುಟ್ಟು ಅಂದ್ಕೊಂಡೆ. ಅವಳು ಕಡಿಯೋದೇ ಇಲ್ಲವಲ್ಲ, ಅವಳಿಗೆ ಈ ಕಾಯಿಲೆ ಎಲ್ಲಿಂದ ಬರ್ಬೇಕು? ಬೆಳಿಗ್ಗೆ ಬಾಟಲಿ ಕೊಟ್ಟಿದ್ದಕ್ಕೆ ಹೊಟ್ಟೆ ಹಿಡ್ಕೊಂಡು ನಕ್ಕಳು. ‘ನನ್ನ ಹೆಸರಿಗೆ ಯಾವ ದೇಶದೋರೂ ಬಾಟಲಿ ಕೊಟ್ಟಿಲ್ಲ, ನಿನ್ನ ಹೆಸರಲ್ಲಾದ್ರೂ ನೋಡಲಿ ಬಿಡು’ ಅಂದಳು. ನಗ್ತಾ ನಗ್ತಾನೇ ತುಂಬಿಸಿ ಕೊಟ್ಟಳು. ನಾನೂ ನಕ್ಕೆ. ದಾರಿ ಉದ್ದಕ್ಕೂ ನಗ್ತಾ ಬಂದೆ ಡಾಕ್ಟರಮ್ಮ.

ಗಂಟೆ ಎಷ್ಟು? ಹತ್ತೂವರೆನಾ? ಆ ತುದೀಲಿ ಬಗ್ಗಿ ತುಂಡು ಊರ್ತಿರ್ತಾಳೆ. ನೀರು ಕುಡಿದಿರಲ್ಲ. ಜೀಪು ತೆಗೆಸಿ, ನಾನೇ ಹೋಗಿ ಊದ್ತೀನಿ, ಅವಳಿಗೆ ಕೇಳಿಸೋ ಹಾಗೆ ಊದ್ತೀನಿ. ನನಗೂ ಒಂದು ಬಾಟಲಿ ಕೊಡಿ, ಈ ಸಲ ನನ್ನದೇ ಕೊಡ್ತೀನಿ, ಆಣೆ.

ಮೊದಲು ಈ ಬೆಳಿಗ್ಗೆ ತಂದ ಬಾಟಲಿ ಮೇಲಿರೋ ನನ್ನ ಹೆಸರು ಅಳಿಸಿ. ಅಳಿಸಿ ಡಾಕ್ಟರಮ್ಮ, ನೋಡೋಕಾಗಲ್ಲ. ಬರ್ಕೊಳ್ಳಿ: ಎರ್ಲಿಂದಾ ಪಿಚಾರ್ದೊ. ಕಬ್ಬು ಊರುವವಳು. ಗ್ಯಾಂಗಾ? ಅವರಿಗೆ ಗ್ಯಾಂಗಿನ ನಂಬರು ಯಾರೂ ಕೊಟ್ಟಿಲ್ಲ... ಅದನ್ನೂ ಬರ್ಕೊಳ್ಳಿ.