ಇಂಗ್ಲಿಷರ ಸೈನ್ಯಕ್ಕೆ ಸೇರಿದ ಅಪ್ಪ

ಐರ್ಲೆಂಡಿನ ಸ್ಲೈಗೊ ಊರಿನ ಬಸ್ ಸ್ಟಾಪಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ಡೀಲಿಯಾಳ ಮುಂದೆ ವಯಸ್ಸಾದ ಅಣ್ಣ ತಂಗಿ ನಿಂತಿದ್ದರು. ಲೈಬ್ರರಿಯಲ್ಲಿ ಮೊದಲ ಮಹಾಯುದ್ಧದ ಬಗ್ಗೆ ಭಾಷಣ ಕೇಳಿ ಬಂದವರು. ತಂಗಿಯ ಕಣ್ಣು ಕೆಂಪಾಗಿತ್ತು.

“ಎರಡು ಲಕ್ಷ ಐರಿಷರು ನಮ್ಮನ್ನಾಳ್ತಿದ್ದ ಇಂಗ್ಲಿಷರ ಸೈನ್ಯದಲ್ಲಿದ್ರಂತೆ, ಅಣ್ಣಾ. ನಾನು ನಮ್ಮಪ್ಪ ಒಬ್ರೇ ದೇಶದ್ರೋಹಿ ಅಂದ್ಕೊಂಡಿದ್ದೆ.”

“ಊರೆಲ್ಲಾ ಹಾಗೇ ಅಂತಿತ್ತಲ್ಲ, ವಿನೀ.”

“ಯಾಕೆ ಸೇರಿದ್ರಿ ಅಂತ ಅಪ್ಪನ್ನ ಒಂದಿನಾನೂ ಕೇಳ್ಲಿಲ್ಲ.”

“ಮನೇಲಿ ಒಲೆ ಉರೀತಿರ್ಲಿಲ್ಲ. ನೀನಿನ್ನೂ ತೊಟ್ಟಿಲಲ್ಲಿದ್ದೆ.”

“ಸ್ಕೂಲಲ್ಲಿ ಹುಡುಗೀರು ಆಡ್ಕೋತಿದ್ರು. ಅದಕ್ಕೇ ಹೊಸ ಟೀಚರ್ ಹತ್ರ ಅಪ್ಪ ಸತ್ತೋದ್ರು ಅಂದ್ಬಿಟ್ಟೆ.”

“ಗೊತ್ತು.”

“ನಿಂಗೆ ಹೇಗೆ ಗೊತ್ತು?”

“ಆ ಟೀಚರಮ್ಮ ಸಮಾಧಾನ ಹೇಳೋಕೆ ಮನೆಗೆ ಬಂದಿದ್ರು. ಬಾಗಿಲು ತೆಗೆದಿದ್ದು ಅಪ್ಪಾನೇ.”

ತಂಗಿಯ ಕೈಚೀಲ ಜಾರಿ ಬಿತ್ತು. ಡೀಲಿಯಾ ಎತ್ತಿಕೊಟ್ಟರೂ ಅವಳು ತಿರುಗಿ ನೋಡಲಿಲ್ಲ.

“ಅಪ್ಪ ಏನಂದ್ರು?”

“ನಾನು ಸತ್ತವನ ತಮ್ಮ, ಒಳಗೆ ಬನ್ನಿ ಅಂದ್ರು. ಟೀ ಮಾಡಿಕೊಟ್ರು.”

“ನನ್ನನ್ನ ಒಂದ್ಮಾತೂ ಬೈಲಿಲ್ವಲ್ಲ!”

“ನಿನ್ನ ಮಾತು ಸುಳ್ಳಾಗಬಾರ್ದು ಅಂತ, ಆಮೇಲೆ ಆ ಸ್ಕೂಲಿನ ದಾರೀಲಿ ಅವ್ರು ಕಾಲೇ ಇಡ್ಲಿಲ್ಲ.”

ಬಸ್ಸು ಬಂತು. ಅಣ್ಣ ತಂಗಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಡೀಲಿಯಾ ಹೋಗಬೇಕಾದ ಬಸ್ಸೂ ಅದೇ. ಆದರೆ ಅವರ ದುಃಖದ ನಡುವೆ ಹೋಗಿ ಕೂರಲು ಮನಸ್ಸಾಗದೆ ಅವಳು ಮುಂದಿನ ಬಸ್ಸಿಗೆಂದು ಅಲ್ಲೇ ನಿಂತಳು.