ಎಣ್ಣೆಬಣ್ಣದ ನಲವತ್ತು

ಸಂಘದ ಅಧ್ಯಕ್ಷರಾದ ಮೈಲಾರೆಪ್ಪನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಿಂದ ಬಂದಿರುವ ಹೋಟೆಲ್ ಮತ್ತು ಖಾನಾವಳಿ ಮಾಲೀಕರೇ, ಪಾರ್ಸಲ್ ಅಂಗಡಿ ನಡೆಸುವ ತಾಯಂದಿರೇ, ಈ ಸಭಾಭವನದ ಹಿಂದೆ ಒಲೆಯ ಮುಂದೆ ಕುಳಿತು ನನ್ನ ಮಾತು ಕೇಳಿಸಿಕೊಳ್ಳುತ್ತಿರುವವರೇ, ಬದನೆಕಾಯಿ ಪಲ್ಯದ ವಾಸನೆ ಬಂದರೂ ಜಾಗ ಬಿಟ್ಟು ಏಳದ ಸಭಿಕರೇ,

ಸನ್ಮಾನ ಮಾಡಿದ್ದೀರಿ. ಶಾಲು ಹೊದಿಸಿದ್ದೀರಿ. ಈ ಹೆಗಲ ಮೇಲೆ ಮೂವತ್ತೆಂಟು ವರ್ಷ ಏಣಿ ಕುಳಿತಿತ್ತು, ಇವತ್ತು ಶಾಲು ಕುಳಿತಿದೆ. ಏಣಿಯೇ ಹಗುರವಾಗಿತ್ತು ಅನ್ನಿಸುತ್ತಿದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದು ಮಾತು ಮುಗಿಯುವ ಹೊತ್ತಿಗೆ ನಿಮಗೆ ತಿಳಿಯುತ್ತದೆ.

ನಾನು ಹಲಗೇರಿಯ ಚನ್ನೇಶ. ನಿಮಗೆಲ್ಲ ಪೇಂಟರ್ ಚನ್ನೇಶ. ನಿಮ್ಮ ಅಂಗಡಿಗಳ ದರಪಟ್ಟಿ ಬರೆದವನು. ಯಾವ ಹೋಟೆಲಿನಲ್ಲಿ ಚಹಾ ಯಾವಾಗ ಅರವತ್ತು ಪೈಸೆಯಿಂದ ಒಂದು ರೂಪಾಯಿಗೆ ಹೋಯಿತು, ಐದರಿಂದ ಹತ್ತಕ್ಕೆ ಯಾವಾಗ ಜಿಗಿಯಿತು, ಅದು ನಿಮಗಿಂತ ನನ್ನ ಕೈಗೆ ಚೆನ್ನಾಗಿ ನೆನಪಿದೆ. ಇಷ್ಟು ವರ್ಷದಲ್ಲಿ ಅಂಕಿ ಏರಿಸಲು ನನ್ನನ್ನು ಸಾವಿರ ಸಲ ಕರೆದಿದ್ದೀರಿ. ಇಳಿಸಲು ಒಬ್ಬರಾದರೂ ಕರೆದಿದ್ದೀರಾ? ನಗಬೇಡಿ, ನಾನು ಬೈಯುತ್ತಿಲ್ಲ. ಸಿಲಿಂಡರ್ ತುಟ್ಟಿ, ಎಣ್ಣೆ ತುಟ್ಟಿ, ಜೋಳ ತುಟ್ಟಿ, ಅಂಗಡಿ ಬಾಡಿಗೆ ಕೇಳುವ ಹಾಗೇ ಇಲ್ಲ. ದರ ಏರಿಸುವ ದಿನ ನೀವು ಗಿರಾಕಿ ಬರುವ ಮೊದಲೇ, ಬೆಳಗಿನ ಐದಕ್ಕೆ ನನ್ನನ್ನು ಕರೆಸುತ್ತಿದ್ದಿರಿ. ಹಾವೇರಿಯ ಒಬ್ಬ ಮಾಲೀಕರು ನನ್ನ ಕಿವಿಯಲ್ಲಿ, "ಇಡ್ಲಿ ಅನ್ನೂದು ದೊಡ್ಡದಾಗಿ ಬರೀರಿ, ಅಂಕಿ ಮಾತ್ರ ಸಣ್ಣದು ಮಾಡ್ರಿ" ಎಂದಿದ್ದರು. ನಾಚಿಕೆ ಇರುವವರು ಮಾತ್ರ ಹಾಗೆ ಹೇಳಲು ಸಾಧ್ಯ. ಆ ನಾಚಿಕೆಗೆ ನನ್ನ ಗೌರವವಿದೆ.

ಈ ಕೆಲಸವನ್ನು ನನಗೆ ಕಲಿಸಿದವರು ಉಸ್ತಾದ ಫಕ್ಕೀರಸಾಬರು. ಇದೇ ರಾಣೆಬೆನ್ನೂರಿನಲ್ಲಿ ಅವರದೊಂದು ಸಣ್ಣ ಅಂಗಡಿ ಇತ್ತು. ಮೊದಲ ದಿನವೇ ಎರಡು ಡಬ್ಬಿ ಮುಂದಿಟ್ಟು ಹೇಳಿದರು: "ನೋಡೋ ಚನ್ನೇಶ, ತಿನಿಸಿನ ಹೆಸರು ಎಣ್ಣೆಬಣ್ಣದಾಗ ಬರಿ. ದರ ನೀರುಬಣ್ಣದಾಗ ಬರಿ. ಹೆಸರು ಉಳಿಯೂದೈತಿ, ದರ ಅಳಿಸೂದೈತಿ." ಎರಡನೆಯ ಪಾಠ ಇನ್ನೂ ಸಣ್ಣದು. ಮತ್ತೊಬ್ಬ ಪೇಂಟರನ ಸಹಿ ಇರುವ ಬೋರ್ಡಿಗೆ ಬ್ರಶ್ ಹಚ್ಚಬಾರದು. ಬರೆದವನೇ ಅಳಿಸಬೇಕು. ನಮ್ಮ ಕಸುಬಿನ ಧರ್ಮ ಇಷ್ಟೇ, ಇದನ್ನು ನಮ್ಮ ಕಡೆಯ ಪೇಂಟರುಗಳೆಲ್ಲ ನಡೆಸಿಕೊಂಡು ಬಂದಿದ್ದಾರೆ.

ನಾನೂ ನಡೆಸಿಕೊಂಡು ಬಂದೆ. ಒಂದು ಸಲ ಮಾತ್ರ ತಪ್ಪಿದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ದಾರಿಯಲ್ಲಿ ಮುದುಕವ್ವ ಎಂಬುವವರ ಖಾನಾವಳಿ ಇತ್ತು. ನಿಮ್ಮಲ್ಲಿ ಕೆಲವರಾದರೂ ಅಲ್ಲಿ ಉಂಡಿರಬೇಕು. ಕುಪ್ಪೇಲೂರಿನ ಹೆಣ್ಣುಮಗಳು. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿ, ಒಳಗೆ ತಾನೇ ರೊಟ್ಟಿ ಬಡಿದು, ತಾನೇ ಬಡಿಸಿ ನಡೆಸುತ್ತಿದ್ದರು. ಎರಡು ರೊಟ್ಟಿ, ಕಾಳುಪಲ್ಯ, ಅನ್ನ, ಸಾರು, ಶೇಂಗಾಚಟ್ನಿ. ಹನ್ನೆರಡು ವರ್ಷದ ಹಿಂದೆ, ಖಾನಾವಳಿ ಶುರು ಮಾಡುವಾಗ ಬೋರ್ಡು ಬರೆಯಲು ನನ್ನನ್ನು ಕರೆದರು. ಮೆಣಸಿನಕಾಯಿ ಸುಗ್ಗಿ ಅದು. ಆ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ನಾನು ಬರೆದ ಬೋರ್ಡುಗಳಲ್ಲಿ ಎಲ್ಲಾದರೂ ಒಂದು ಕೊಂಬು ಸೊಟ್ಟಗಿದ್ದರೆ ಅದು ನನ್ನ ಕೈಯ ತಪ್ಪಲ್ಲ, ಸೀನು.

ಬೀದಿ ಬಾಗಿಲಿಗೆ ಎದುರಾದ ಒಳಗೋಡೆಯ ಬೋರ್ಡಿನ ಮೇಲೆ ಊಟ ಎಂದು ಬರೆದೆ. ಚೆಂದ ಬಂತು. ಅಂಕಿ ಬರೆಯಲು ನೋಡಿದರೆ ನೀರುಬಣ್ಣದ ಡಬ್ಬಿ ಒಣಗಿ ಹೆಂಟೆಯಾಗಿದೆ. ಹೊರಗೆ ರಾಣೆಬೆನ್ನೂರಿನ ಬಸ್ಸು ಹಾರ್ನ್ ಹೊಡೆಯುತ್ತಿದೆ. ಏನಾದೀತು ಎಂದು ಅದೇ ಎಣ್ಣೆಬಣ್ಣದಲ್ಲಿ ಅದ್ದಿ ನಲವತ್ತು ಎಂದು ಬರೆದೆ. ಮೂಲೆಯಲ್ಲಿ ನನ್ನ ಸಹಿ ಹಾಕಿದೆ. ಬಸ್ಸು ಹಿಡಿದೆ.

ತಪ್ಪು ಅಂದೆನಲ್ಲ, ಅದು ಇದಲ್ಲ. ಇದು ಅವಸರ. ತಪ್ಪು ಮುಂದೆ ಬರುತ್ತದೆ.

ಸೋಮವಾರ, ಗುರುವಾರ ನನಗೆ ಬ್ಯಾಡಗಿಯಲ್ಲಿ ಕೆಲಸವಿರುತ್ತಿತ್ತು. ಊಟಕ್ಕೆ ಮುದುಕವ್ವನಲ್ಲಿಗೇ ಹೋಗುತ್ತಿದ್ದೆ. ಅಲ್ಲಿ ನನಗೊಂದು ಖಾಯಂ ಜಾಗವಿತ್ತು. ಮೂಲೆಯ ಬೆಂಚು, ಬೀದಿ ಬಾಗಿಲ ಕಡೆ ಮುಖ. ಗಾಳಿ ಚೆನ್ನಾಗಿ ಬರುತ್ತಿತ್ತು. ಎರಡು ರೊಟ್ಟಿ ಮುಗಿಯುವುದರೊಳಗೆ ಮೂರನೆಯದು ತಟ್ಟೆಗೆ ಬೀಳುತ್ತಿತ್ತು. ಅದಕ್ಕೆ ಅವರು ಎಂದೂ ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡು ವರ್ಷ ಕಳೆಯಿತು. ಎಲ್ಲ ಕಡೆ ಊಟ ಐವತ್ತಾಯಿತು. ಒಂದು ದಿನ ಮುದುಕವ್ವ ಸಾರು ಹಾಕುತ್ತ, "ತಮ್ಮಾ ಚನ್ನೇಶ, ಆ ಅಂಕಿ ಒಂದೀಟು ಬದ್ಲಿ ಮಾಡಿಕೊಡಪಾ. ಜ್ವಾಳ ಭಾಳ ತುಟ್ಟಿ ಆಗ್ಯಾವ" ಎಂದರು.

"ಆತು ಯಕ್ಕಾ, ಮುಂದಿನ ಸೋಮವಾರ ಡಬ್ಬಿ ತಗೊಂಡ ಬರ್ತೇನಿ" ಎಂದೆ.

ಆ ಸೋಮವಾರ ಮರೆತೆ. ಖರೇ ಮರೆತೆ. ಗುರುವಾರ ಡಬ್ಬಿ ಚೀಲದಲ್ಲಿತ್ತು. ಆದರೆ ಅಂದು ನನ್ನ ಪಕ್ಕದಲ್ಲಿ ಪೇಟೆಯ ಹಮಾಲ ಭರಮಣ್ಣ ಊಟಕ್ಕೆ ಕುಳಿತಿದ್ದ. ದಿನಕ್ಕೆ ನೂರಾರು ಚೀಲ ಹೊರುವ ಮನುಷ್ಯ. ಮೆಲ್ಲಗೆ, "ಪೇಂಟರ್ರ, ಆ ಅಂಕಿಗೆ ಕೈ ಹಚ್ಚಬ್ಯಾಡ್ರಿ. ಹೊಟ್ಟಿತುಂಬ ಉಣ್ಣಾಕ ನಮಗ ಇದೊಂದ ಜಾಗ ಉಳದೈತಿ" ಎಂದ. ಸುತ್ತ ಕುಳಿತ ಹಮಾಲರೂ ತಲೆಯಾಡಿಸಿದರು. ಸಭಿಕರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಚೀಲ ಹೊರುವ ಬಡವರ ತಟ್ಟೆಗೆ ಕೈ ಹಾಕುತ್ತಿದ್ದಿರಾ? ನಾನು ಡಬ್ಬಿ ತೆಗೆಯಲಿಲ್ಲ. ದೊಡ್ಡ ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಮನೆಗೆ ಬಂದೆ. ಅವರ ಜೊತೆ ನಾನೂ ನಲವತ್ತಕ್ಕೇ ಉಣ್ಣುತ್ತಿದ್ದೆ ಎಂಬುದು ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ. ನಾನು ಹಮಾಲನಲ್ಲ. ದಿನಕ್ಕೆ ಎಂಟುನೂರು ದುಡಿಯುತ್ತಿದ್ದೆ.

ಬೋರ್ಡು ಹಾಗೇ ಇರಲಿ, ಬಾಯಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರು. ಒಂದು ಮಧ್ಯಾಹ್ನ ನನ್ನ ಎದುರಿಗೇ, "ಇವತ್ತಿಂದ ಐವತ್ತು ಕೊಡ್ರೆಪಾ" ಎಂದರು. ಭರಮಣ್ಣ ಎಂಜಲು ಕೈಯಲ್ಲೇ ಬೋರ್ಡು ತೋರಿಸಿ, "ಯವ್ವಾ, ಅಲ್ಲಿ ನೋಡು, ನಲವತ್ತು ಐತಿ. ಬರದದ್ದ ಸುಳ್ಳೇನು?" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಸಲಿಗೆಯ ನಗೆ. ಆದರೆ ಮುದುಕವ್ವ ಮತ್ತೆಂದೂ ಬಾಯಿ ಬಿಟ್ಟು ಕೇಳಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಮೇಲೆ ಬರೆದದ್ದು ತಾನೇ ಕೊಟ್ಟ ಮಾತು ಎಂದು ತಿಳಿದಿದ್ದರು. ನಂತರ ಬೇರೊಬ್ಬ ಪೇಂಟರನನ್ನು ಕರೆದರಂತೆ. ಅವನು ಬಂದು ಮೂಲೆಯ ಸಹಿ ನೋಡಿ, "ಇದು ಚನ್ನೇಶಣ್ಣನ ಬೋರ್ಡು, ನಾ ಮುಟ್ಟಂಗಿಲ್ಲ" ಎಂದು ಹೋದನಂತೆ. ನನ್ನ ಕಸುಬಿನ ಧರ್ಮವನ್ನು ಅವನು ಕಾಪಾಡಿದ.

ಆಮೇಲೆ ವರ್ಷಕ್ಕೆ ನಾಲ್ಕೈದು ಸಲ ನನಗೇ ಹೇಳುತ್ತಿದ್ದರು. ಮುಂದಿನ ಸೋಮವಾರ ಎನ್ನುತ್ತಿದ್ದೆ. ಆ ಸೋಮವಾರ ಎಂಟು ವರ್ಷವಾದರೂ ಬರಲಿಲ್ಲ. ಬ್ಲೇಡಿನಲ್ಲಿ ಒಂದು ಅಂಕಿ ಕೆರೆದು ಮತ್ತೊಂದು ಬರೆಯಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ. ನಿಮ್ಮ ಮುಂದೆ ಇಷ್ಟು ಹೊತ್ತು ಮಾತಾಡಿದ್ದೇನಲ್ಲ, ಅಷ್ಟೇ ಹೊತ್ತು.

ಅಷ್ಟಾದರೂ ಮುದುಕವ್ವ ರೊಟ್ಟಿ ಸಣ್ಣದು ಮಾಡಲಿಲ್ಲ. ಸಾರಿಗೆ ನೀರು ಬೆರೆಸಲಿಲ್ಲ. ಒಂದು ವರ್ಷ ಅವರ ಕೈಯಲ್ಲಿ ಬಂಗಾರದ ಪಾಟಲಿ ಕಾಣಲಿಲ್ಲ. ರೊಟ್ಟಿ ಬಡಿಯಲು ಅಡ್ಡಿಯಾಗುತ್ತದೆಂದು ತೆಗೆದಿಟ್ಟಿರಬೇಕು ಅಂದುಕೊಂಡೆ. ಮನುಷ್ಯ ತನಗೆ ಬೇಕಾದದ್ದನ್ನು ಎಷ್ಟು ಸಲೀಸಾಗಿ ಅಂದುಕೊಳ್ಳುತ್ತಾನೆ ನೋಡಿ.

ಎರಡು ವರ್ಷದ ಹಿಂದೆ ಒಂದು ಗುರುವಾರ ಹೋದರೆ ಬಾಗಿಲಿಗೆ ಕೀಲಿ ಬಿದ್ದಿತ್ತು. ಭರಮಣ್ಣ ಕಟ್ಟೆಯ ಮೇಲೆ ಕುಳಿತಿದ್ದ. "ಮುದುಕವ್ವ ಖಾನಾವಳಿ ಮುಚ್ಚಿ ಹೋಗ್ಯಾಳ್ರಿ. ಇನ್ನ ಎಲ್ಲಿ ಉಣ್ಣೂದು?" ಎಂದ. ಎಲ್ಲಿ ಉಂಡೆವು ಹೇಳಲೇ? ಎದುರಿನ ಖಾನಾವಳಿಯಲ್ಲಿ. ತಲೆಗೆ ತೊಂಬತ್ತು ರೂಪಾಯಿ. ಭರಮಣ್ಣ ಕೊಟ್ಟ, ನಾನು ಕೊಟ್ಟೆ, ಎಲ್ಲರೂ ಕೊಟ್ಟೆವು. ಒಬ್ಬರೂ ತಕರಾರು ಮಾಡಲಿಲ್ಲ, ಒಬ್ಬರೂ ಬೋರ್ಡು ತೋರಿಸಲಿಲ್ಲ. ಇಷ್ಟು ಕೊಡಲು ನಮ್ಮ ಕೈಲಿ ಆಗುತ್ತಿತ್ತು ಎಂಬುದು ಅಂದು ಗೊತ್ತಾಯಿತು.

ಕಳೆದ ತಿಂಗಳು ಅಧ್ಯಕ್ಷರು ನನ್ನ ಮನೆಗೆ ಬಂದು, "ಎಲ್ಲ ಕಡೆ ಫ್ಲೆಕ್ಸ್ ಆಗ್ಯಾವು ಚನ್ನೇಶ. ಸಂಘದ ಹೊಸ ದರಪಟ್ಟಿ ಮಾತ್ರ ನಿಮ್ಮ ಕೈಬರಹದಾಗ ಇರ್ಲಿ" ಎಂದರು. ಕಣ್ಣಲ್ಲಿ ನೀರು ಬಂತು. ಅವತ್ತೇ ಸಂಜೆ ಮನೆಗೆ ರೊಟ್ಟಿ ಒಯ್ಯಲು ಇದೇ ಊರಿನ ಒಂದು ರೊಟ್ಟಿ ಅಂಗಡಿಗೆ ಹೋದೆ. ಒಳಗೆ ನಾಲ್ಕು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಕೊನೆಯಲ್ಲಿ ಕುಳಿತವರು ಮುದುಕವ್ವ.

"ಯಾರು, ಚನ್ನೇಶ ಏನು? ಬಾ, ಕುಂದ್ರು" ಎಂದರು.

ಕೂರಲು ನನಗೆ ಆಗಲಿಲ್ಲ. ನಿಂತೇ, "ಯಕ್ಕಾ, ನಾ ತಪ್ಪು ಮಾಡೇನಿ. ವ್ಯಾಳ್ಯಾ ಸಿಗಲಿಲ್ಲ ಅಂತ..." ಎಂದು ಶುರು ಮಾಡಿದೆ. ಅವರು ಕೈ ನಿಲ್ಲಿಸಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದರು: "ವ್ಯಾಳ್ಯಾದ ಮಾತು ಬ್ಯಾಡೋ ತಮ್ಮಾ. ನೀ ಮೊದಲ ಬೋರ್ಡಿನ ಕಡೆ ಮುಖ ಮಾಡಿ ಉಣ್ಣಾಕ ಕುಂದ್ರತಿದ್ದಿ. ನಾ ಅಂಕಿ ಬದ್ಲಿ ಮಾಡು ಅಂದ ವಾರದಿಂದ ಬೆನ್ನ ಮಾಡಿ ಕುಂತಿ. ನನಗ ಅವತ್ತ ತಿಳದಿತ್ತು."

ಗಾಳಿಗಾಗಿ ಕುಳಿತೆ ಎಂದು ನಿಮಗೆ ಈಗಷ್ಟೇ ಹೇಳಿದೆನಲ್ಲ. ಅದು ಸುಳ್ಳು. ಎಂಟು ವರ್ಷ ನನಗೇ ನಾನು ಹೇಳಿಕೊಂಡ ಸುಳ್ಳು, ಇವತ್ತೂ ಅಭ್ಯಾಸಬಲದಿಂದ ಬಾಯಿಗೆ ಬಂತು.

"ತಿಳದೂ ಮೂರನೇ ರೊಟ್ಟಿ ಯಾಕ ಹಾಕಿದಿ ಯಕ್ಕಾ?" ಎಂದು ಕೇಳಿದೆ.

"ಹಸದ ಕುಂತಾವನ ತಟ್ಟಿ ನೋಡ್ತಾರೋ, ಬೆನ್ನ ನೋಡ್ತಾರೇನು?" ಎಂದರು.

ಅಲ್ಲಿ ಅವರಿಗೆ ಒಂದು ರೊಟ್ಟಿಗೆ ಎರಡು ರೂಪಾಯಿ ಕೂಲಿ. ಮೂರು ವರ್ಷದಿಂದ ಅಲ್ಲಿ ಅಷ್ಟೇ ಅಂತೆ. ಯಾವ ಅಂಗಡಿ ಎಂದು ಹೇಳುವುದಿಲ್ಲ, ಯಾಕೆಂದರೆ ಆಮೇಲೆ ನಾನು ಮೂರೂ ಊರು ತಿರುಗಿ ಕೇಳಿದೆ, ಕೇಳಿದಲ್ಲೆಲ್ಲ ಹೆಚ್ಚುಕಡಿಮೆ ಅಷ್ಟೇ ಇದೆ. ಈ ನಡುವೆ ರೊಟ್ಟಿ ಆರರಿಂದ ಎಂಟಾಯಿತು, ಎಂಟರಿಂದ ಹತ್ತಾಯಿತು. ಸಂಘದ ಹೊಸ ದರಪಟ್ಟಿಯಂತೆ ನಾಳೆಯಿಂದ ಹನ್ನೆರಡು. ಹೆಚ್ಚು ಕೂಲಿ ಕೇಳಬಾರದೇ ಎಂದೆ. ಮುದುಕವ್ವ, "ಬಾಯಾಗ ಕೇಳಿದ್ರ ನಗತಾರೋ ತಮ್ಮಾ. ಎಲ್ಲೆರ ಬರದಿದ್ರ ತೋರಸಬಹುದಿತ್ತು" ಎಂದರು.

ಸಭಿಕರೇ, ನನ್ನ ಹಿಂದೆ ಬಟ್ಟೆ ಮುಚ್ಚಿಟ್ಟಿರುವ ಬೋರ್ಡನ್ನು ಊಟದ ನಂತರ ಅಧ್ಯಕ್ಷರು ಅನಾವರಣ ಮಾಡಬೇಕಿತ್ತು. ಕ್ಷಮಿಸಿ, ಬಟ್ಟೆಯನ್ನು ನಾನೇ ಈಗ ತೆಗೆಯುತ್ತಿದ್ದೇನೆ.

ನೋಡಿ. ಸಂಘ ಬರೆದುಕೊಟ್ಟ ಹನ್ನೊಂದು ಸಾಲೂ ಇವೆ. ಇಡ್ಲಿಯಿಂದ ಹಿಡಿದು ಪಾರ್ಸಲ್ ಡಬ್ಬಿಗೆ ಐದು ರೂಪಾಯಿ ಹೆಚ್ಚು ಎನ್ನುವವರೆಗೆ, ಒಂದು ಅಂಕಿಯನ್ನೂ ನಾನು ತಿದ್ದಿಲ್ಲ. ನೀವು ಏರಿಸಿದ್ದು ನ್ಯಾಯವೇ. ಹನ್ನೆರಡನೆಯ ಸಾಲು ಮಾತ್ರ ನನ್ನದು. ಯಾರನ್ನೂ ಕೇಳದೆ ಬರೆದಿದ್ದೇನೆ. "ರೊಟ್ಟಿ ಬಡಿದವರಿಗೆ, ಒಂದು ರೊಟ್ಟಿಗೆ" ಎಂದಿದೆ. ಮುಂದೆ ಜಾಗ ಖಾಲಿ ಇದೆ. ಅಕ್ಷರ ಎಣ್ಣೆಬಣ್ಣ, ಅಳಿಸುವುದು ಕಷ್ಟ. ಮೂಲೆಯಲ್ಲಿ ನನ್ನ ಸಹಿ ಇದೆ, ಆದ್ದರಿಂದ ನಮ್ಮ ಕಡೆಯ ಯಾವ ಪೇಂಟರನೂ ಇದನ್ನು ಮುಟ್ಟುವುದಿಲ್ಲ.

ಅಂಕಿ ಎಷ್ಟೆಂದು ನಾನು ಹೇಳುವುದಿಲ್ಲ. ಅದು ನಿಮ್ಮದು. ಇವತ್ತು ನಾವೆಲ್ಲ ಉಣ್ಣಲಿರುವ ರೊಟ್ಟಿಯನ್ನು ಬಡಿದವರು ಹಿಂದೆ ಅಡುಗೆಮನೆಯಲ್ಲಿದ್ದಾರೆ. ಮುದುಕವ್ವನೂ ಅಲ್ಲೇ ಇದ್ದಾರೆ. ಈ ಮೈಕು ಅಲ್ಲಿಗೂ ಕೇಳಿಸುತ್ತದೆ. ನೀರುಬಣ್ಣದ ಡಬ್ಬಿ ತಂದಿದ್ದೇನೆ, ಈ ಸಲ ಒಣಗಿಲ್ಲ. ಅಂಕಿಯನ್ನು ಇದರಲ್ಲೇ ಬರೆಯುತ್ತೇನೆ. ಮುಂದಿನ ವರ್ಷ ಒದ್ದೆ ಬಟ್ಟೆಯಿಂದ ಒರೆಸಿ ಏರಿಸಬೇಕಲ್ಲ.

ನನ್ನನ್ನು ಕರೆದು ಗೌರವಿಸಿದ ಸಂಘಕ್ಕೆ, ಕಸುಬು ಕಲಿಸಿದ ಉಸ್ತಾದರಿಗೆ, ಬೆನ್ನು ನೋಡದೆ ಅನ್ನ ಹಾಕಿದ ಮುದುಕವ್ವನಿಗೆ, ಇಷ್ಟು ಹೊತ್ತು ಹಸಿವು ತಡೆದ ನಿಮಗೆ ನಾನು ಋಣಿ. ಈಗ ಬ್ರಶ್ ಹಿಡಿದು ಬೋರ್ಡಿನ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನಿಮಗೆ ಬೆನ್ನು ಮಾಡಿದಂತಾಗುತ್ತದೆ, ತಪ್ಪು ತಿಳಿಯಬೇಡಿ.

ಅಧ್ಯಕ್ಷರೇ, ಅಂಕಿ ಹೇಳಿ.

ನಮಸ್ಕಾರ.