ಗುರ್ ಅನ್ನದ ನಾಯಿ

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಟೈಲರಮ್ಮನಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ಕಾಲ ಬಳಿ ಮುದಿ ನಾಯಿಯೊಂದು ಮಲಗಿತ್ತು.

“ಮಗೂನ ಕಚ್ಚಿದ್ಮೇಲೆ, ಸೂಜಿ ಚುಚ್ಚಿಸಿ ಮುಗಿಸಿಬಿಡು ಅಂತ ಮನೇಲೆಲ್ಲಾ ಹಟ ಹಿಡಿದಿದ್ದಾರೆ, ಅಕ್ಕಾ.”

“ಕಚ್ಚೋಕೆ ಮುಂಚೆ ಗುರ್ ಅನ್ನಲಿಲ್ವೇನೋ?”

“ಮೊದಲೆಲ್ಲ ಅಂತಿತ್ತು, ಸೊಂಟ ಮುಟ್ಟಿದ್ರೆ ಸಾಕು. ಗದರಿಸಿ ಗದರಿಸಿ ಆ ಅಭ್ಯಾಸ ಬಿಡಿಸ್ದೆ.”

“ಅಭ್ಯಾಸ ಅಲ್ಲ ಕಣೋ, ನೋವು. ಮುಟ್ಟಬೇಡಿ ಅನ್ನೋಕೆ ಅದಕ್ಕಿದ್ದಿದ್ದು ಅದೊಂದೇ ಮಾತು. ಮೊದಲು ಸೊಂಟ ತೋರಿಸೋಣ, ಸೂಜಿ ಮಾತು ಆಮೇಲೆ.”

ಒಳಗಿನಿಂದ ಕರೆ ಬಂತು. ತಮ್ಮ ಬಗ್ಗಿ ನಾಯಿಯ ಸೊಂಟದ ಮೇಲೆ ಮೆಲ್ಲಗೆ ಕೈಯಿಟ್ಟ. ಅದರ ಮೈ ನಡುಗಿತು.

“ಗುರ್ ಅನ್ನು ಕಂದ, ಬೈಯಲ್ಲ.”

ನಾಯಿ ಅವನ ಮುಖ ನೋಡಿತು. ಬಾಯಿ ಬಿಗಿಹಿಡಿದುಕೊಂಡೇ ಎದ್ದು, ಅವನ ಹಿಂದೆ ಒಳಗೆ ಹೋಯಿತು.